ತೊಲೆಯ ಮೇಲಿನ ಬರಹ

ಮರದ ಕಟ್ಟಡ ಎಷ್ಟು ಕಾಲ ಬಾಳೀತು? ಹೆಚ್ಚೆಂದರೆ ಇನ್ನೂರು ವರ್ಷ ಎಂದೀರಿ. ಚೀನಾದ ವೂಟಾಯ್ ಪರ್ವತಪ್ರದೇಶದ ಫೋಗುವಾಂಗ್ ಬೌದ್ಧ ದೇವಾಲಯದ ಪೂರ್ವಮಂದಿರವನ್ನು ಕಟ್ಟಿದ್ದು ಕ್ರಿ.ಶ. 857ರಲ್ಲಿ. ಕಂಬ, ತೊಲೆ ಎಲ್ಲವೂ ಮರವೇ, ಇಂದಿಗೂ ನಿಂತಿದೆ.

1937ರಲ್ಲಿ ವಾಸ್ತುಶಿಲ್ಪಿ ಲಿಯಾಂಗ್ ಸುಚೆಂಗ್, ಪತ್ನಿ ಲಿನ್ ಹುಯಿಯಿನ್ ಮತ್ತು ಸಂಗಡಿಗರೊಡನೆ ಅಲ್ಲಿಗೆ ಹೋದರು. ಅಷ್ಟು ಹಳೆಯ ಮರದ ಕಟ್ಟಡ ನೋಡಬೇಕಾದರೆ ಜಪಾನಿಗೇ ಹೋಗಬೇಕೆಂಬ ಮಾತು ಆಗ ವಿದ್ವಾಂಸರಲ್ಲಿತ್ತು. ಅಟ್ಟದ ಕತ್ತಲಲ್ಲಿ ಬಾವಲಿಗಳ ಹಿಂಡು, ದಪ್ಪ ಧೂಳು. ತೊಲೆಯ ಅಡಿಯಲ್ಲಿ ಮಾಸಿದ ಮಸಿಯ ಅಕ್ಷರಗಳನ್ನು ಮೊದಲು ಕಂಡವರು ಲಿನ್. ತೊಳೆದು ಓದಿದರೆ, ದಾನಿಯಾದ ಒಬ್ಬ ಸ್ತ್ರೀಯ ಹೆಸರು! ಅದೇ ಹೆಸರು ಮುಂದಿನ ಶಿಲಾಸ್ತಂಭದಲ್ಲಿ, ಇಸವಿಯ ಸಮೇತ. ಶಾಸನ ಓದುವ ಚಪಲವುಳ್ಳ ನನ್ನಂಥವನಿಗೆ ಇದಕ್ಕಿಂತ ರುಚಿಯಾದ ಕಥೆ ಬೇರೆ ಬೇಕೆ?

ಗುಟ್ಟು ಕಂಬದ ತಲೆಯ ಮೇಲಿದೆ. ನಾವು ಬೋದಿಗೆ ಎನ್ನುವುದಕ್ಕೆ ಹತ್ತಿರವಾದ ಇದನ್ನು ಅವರು ದೌಗೊಂಗ್ ಎನ್ನುತ್ತಾರೆ. ಒಂದರೊಳಗೊಂದು ಕೂಡಿಸಿದ ತುಂಡುಗಳು. ನೆಲ ನಡುಗಿದರೆ ತಾವೂ ತುಸು ಅಲುಗಿ ಮತ್ತೆ ಕೂರುತ್ತವೆ. ಕೊಳೆತ ತುಂಡನ್ನಷ್ಟೇ ಬದಲಿಸಲೂಬಹುದು. 1103ರ ‘ಯಿಂಗ್‌ಜಾವೊ ಫಾಶಿ’ ಎಂಬ ಶಾಸ್ತ್ರಗ್ರಂಥ ಇವುಗಳ ಅಳತೆಗಳನ್ನು ಹೇಳುತ್ತದೆ. ಆದರೆ ಇಂಥ ಗ್ರಂಥಗಳ ಪರಿಭಾಷೆ ತಿಳಿಯಲು ಲಿಯಾಂಗರು ಮುದಿ ಬಡಗಿಗಳ ಮುಂದೆ ಶಿಷ್ಯನಾಗಿ ಕೂತರು.

ಇಂಥವರ ಮಾತನ್ನೂ ಬೀಜಿಂಗ್ ಕೇಳಲಿಲ್ಲ. ಕೋಟೆಗೋಡೆಯನ್ನು ಕೆಡವಬೇಡಿ, ಮೇಲೆ ಉದ್ಯಾನ ಮಾಡಿ ಎಂದು ಅವರು ವಾದಿಸಿದರು. ಅದರ ಬಹುಭಾಗ ನೆಲಸಮವಾಯಿತು. ದಕ್ಷಿಣದ ಯೊಂಗ್‌ಡಿಂಗ್ ದ್ವಾರ 1957ರಲ್ಲಿ ಉರುಳಿತು. ಈ ಶತಮಾನದ ಆರಂಭದಲ್ಲಿ ಅದನ್ನು ಮರಳಿ ಕಟ್ಟಿದ್ದಾರೆ. ಚೆನ್ನಾಗಿಯೇ ಇದೆ, ಆದರೆ ಅದರ ತೊಲೆಗಳನ್ನು ಎಷ್ಟು ತೊಳೆದರೂ ಹಳೆಯ ಅಕ್ಷರ ಮೂಡದು. 2009ರಲ್ಲಿ ಯುನೆಸ್ಕೋ, ಕಟ್ಟಡವನ್ನಲ್ಲ, ಆ ಬಡಗಿಗಳ ವಿದ್ಯೆಯನ್ನೇ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.