ನೀರನ್ನು ಎಷ್ಟು ಗಂಟೆಗೆ ತೆಗೆದೆ?

ಹೈದರಾಬಾದಿನಲ್ಲಿರುವ ಸ್ನೇಹಿತರೊಬ್ಬರು ಕೇಳಿದ್ರು: “ಮಗಳಿಗೆ ಪರಿಸರ ಸಂಶೋಧನೆಯ ಸಮ್ಮರ್ ಫೆಲೋಶಿಪ್ ಸಿಕ್ಕಿದೆ. ಅದರ ಬದಲು ಕೋಡಿಂಗ್ ಕೋರ್ಸ್ ಮಾಡಿದ್ರೆ ಕೆಲಸಕ್ಕೆ ಆಗುತ್ತಲ್ವಾ?” ಇದಕ್ಕೆ ನನ್ನ ಅನುಭವವನ್ನೇ ಹೇಳ್ತೀನಿ.

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ವಿದ್ಯಾರ್ಥಿಗಳಿಗೆ ಇಂಥ ಎರಡು ತಿಂಗಳ ಫೆಲೋಶಿಪ್ ಕೊಡ್ತವೆ. ನನಗೂ ಅಂಥದ್ದೊಂದು ಸಿಕ್ಕಿತ್ತು. ಕೆಲಸ, ಬೆಂಗಳೂರಿನ ಒಂದು ಕೆರೆಯ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯೋದು. ವಿಧಾನ 1888ರ ವಿಂಕ್ಲರ್ ಪರೀಕ್ಷೆ. ನೀರಿನ ಬಾಟಲಿಗೆ ಎರಡು ರಾಸಾಯನಿಕ ಹಾಕಿದಾಗ ಕಂದು ಬಣ್ಣದ ಚರಟ ಕೂತರೆ ಆಮ್ಲಜನಕ ಇದೆ, ಬಿಳಿ ಚರಟ ಬಂದರೆ ಇಲ್ಲ ಅಂತ ಅರ್ಥ.

ನಾನು ಆರಾಮಾಗಿ ಊಟ ಮುಗಿಸಿ ಮಧ್ಯಾಹ್ನ ಹೋಗ್ತಿದ್ದೆ. ಪ್ರತಿದಿನ ಒಳ್ಳೇ ಕಂದು! ಮೀನು ಬದುಕೋಕೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು ಅನ್ನೋದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ನನ್ನ ಲೆಕ್ಕದಲ್ಲಿ ಅದರ ಎರಡರಷ್ಟಿತ್ತು. “ಕೆರೆ ಆರೋಗ್ಯವಾಗಿದೆ” ಅಂತ ಬರೆದುಕೊಟ್ಟೆ. ಗೈಡ್ ಕೇಳಿದ್ದು ಒಂದೇ: “ನೀರು ಎಷ್ಟು ಗಂಟೆಗೆ ತೆಗೆದೆ?”

ಮರುದಿನ ಬೆಳಗಿನ ಜಾವ ಐದಕ್ಕೆ ಹೋದೆ. ಚರಟ ಬೆಳ್ಳಗಿತ್ತು. ದಡದಲ್ಲಿ ಸತ್ತ ಮೀನು ತೇಲ್ತಿದ್ದವು.

ಕಾರಣ ಸರಳ. ಚರಂಡಿ ನೀರಿನ ಪೋಷಕಾಂಶ ತಿಂದು ಪಾಚಿ ಬೆಳೆಯುತ್ತೆ. ಬಿಸಿಲಿದ್ದಾಗ ಅದು ಆಮ್ಲಜನಕ ಬಿಡುತ್ತೆ. ರಾತ್ರಿ ಪಾಚಿ, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡಿ ಅದನ್ನ ಖಾಲಿ ಮಾಡ್ತವೆ. ನನ್ನ ಅಳತೆಯಲ್ಲಿ ತಪ್ಪಿರಲಿಲ್ಲ, ಅಳೆದ ಹೊತ್ತು ತಪ್ಪಾಗಿತ್ತು.

ಆಮೇಲೆ ನಾನೂ ನಿಮ್ಮ ಹಾಗೇ ಸಾಫ್ಟ್‌ವೇರಿಗೆ ಬಂದೆ, ಪುಣೆ ಸೇರಿದೆ. ಒಂದು ಸಲ ಡ್ಯಾಶ್‌ಬೋರ್ಡಿನಲ್ಲಿ ದಿನದ ಸರಾಸರಿ ಎಲ್ಲಾ ಹಸಿರು, ಗ್ರಾಹಕರದ್ದು ಮಾತ್ರ ದೂರು. ಗಂಟೆಗಂಟೆಗೆ ಬಿಡಿಸಿ ನೋಡಿದೆ. ರಾತ್ರಿ ಎರಡಕ್ಕೆ ಸಿಸ್ಟಮ್ ಉಸಿರುಕಟ್ಟಿ ಬೀಳ್ತಿತ್ತು. ಕೆರೆ ನೆನಪಾಯ್ತು.

ಮುಂದೆ ನೀರಿನ ಸೆನ್ಸರ್ ಡೇಟಾ ನೋಡುವ ತಂಡವೊಂದರ ಸಂದರ್ಶನದಲ್ಲಿ ಈ ಮೀನಿನ ಕಥೆಯನ್ನೇ ಹೇಳಿದೆ. ಕೆಲಸ ಸಿಕ್ತು. ಸಂಬಳ ಕಡಿಮೆ ಆಯ್ತು, ಇಎಂಐ ಅಷ್ಟೇ ಇತ್ತು, ಮನೇಲಿ ಎರಡು ವರ್ಷ ಕಷ್ಟ ಆಯ್ತು. ಅದನ್ನ ಮುಚ್ಚಿಡಲ್ಲ.

ಹಾಗಾಗಿ ಫೆಲೋಶಿಪ್ ನೇರವಾಗಿ ಕೆಲಸ ಕೊಡಿಸುತ್ತೆ ಅಂತ ನಾನು ಹೇಳಲ್ಲ. ಮಗಳು ಸೇರೋ ಮುಂಚೆ ಎರಡು ವಿಷಯ ಕೇಳಲಿ: ಅಳತೆ ತಾನೇ ಮಾಡ್ತೀನಾ? ತಪ್ಪಾದ್ರೆ ನೋಟ್‌ಬುಕ್ ತೆಗೆದು ಕೂತು ಕೇಳೋರು ಇದಾರಾ? ಎರಡಕ್ಕೂ ಹೌದು ಅಂದ್ರೆ, ಕಳಿಸಿ. ಕೋಡಿಂಗ್ ಆಮೇಲೂ ಕಲೀಬಹುದು, ನಾನು ಹಾಗೇ ಕಲಿತೆ.

ಮತ್ತೆ ಸಿಗೋಣ.