ಊದಿದರೆ ಗೊತ್ತಾಗುವ ಲೆಕ್ಕ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಕಡೆಯ ಹಳ್ಳಿಗಳಲ್ಲಿ ಮಗು ಕೆಮ್ಮಿದರೆ ಕಾರಣಕ್ಕೆ ಬರವಿಲ್ಲ. ರಾಗಿ ಒಕ್ಕಣೆಯ ಧೂಳು ಎನ್ನುತ್ತಾರೆ, ಒಲೆಯ ಹೊಗೆ ಎನ್ನುತ್ತಾರೆ, ವಾರಗಟ್ಟಲೆ ಬಿಡದಿದ್ದರೆ ಟಿಬಿ ಇರಬಹುದೇ ಎಂದು ಅಂಜುತ್ತಾರೆ. ಹೆಚ್ಚಿನ ಮಕ್ಕಳ ಮಟ್ಟಿಗೆ ಇವುಗಳಲ್ಲೊಂದು ಸರಿಯೂ ಇರುತ್ತದೆ. ಅಪರೂಪಕ್ಕೊಂದು ಮಗುವಿನ ಕಥೆ ಮಾತ್ರ ಬೇರೆ. ನ್ಯುಮೋನಿಯಾ ಮರಳಿ ಮರಳಿ ಬರುತ್ತದೆ, ಎಷ್ಟು ಉಂಡರೂ ಮೈ ಹತ್ತುವುದಿಲ್ಲ, ಮಲ ಜಿಡ್ಡುಜಿಡ್ಡು, ಕೆನ್ನೆಗೆ ಮುತ್ತಿಟ್ಟರೆ ತುಟಿ ಉಪ್ಪುಪ್ಪು. ಇವು ಸಿಸ್ಟಿಕ್ ಫೈಬ್ರೋಸಿಸ್‌ನ ಗುರುತುಗಳು. ನಮ್ಮ ದೇಶದಲ್ಲಿ ಇಂಥ ಮಕ್ಕಳು ಟಿಬಿ ಮಾತ್ರೆ ನುಂಗುತ್ತಲೋ ಆಸ್ತಮಾದ ಪಂಪ್ ಎಳೆಯುತ್ತಲೋ ವರ್ಷಗಳನ್ನು ಕಳೆದುಬಿಡುವುದುಂಟು.

ದೋಷ ಇರುವುದು ಸಿಎಫ್‌ಟಿಆರ್ ಎಂಬ ಜೀನ್‌ನಲ್ಲಿ; ಅದು ಪತ್ತೆಯಾದದ್ದು 1989ರಲ್ಲಿ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರಷ್ಟೇ ಕಾಯಿಲೆ. ಸೋದರಮಾವನಿಗೆ ಕೊಟ್ಟು ಮದುವೆ ಮಾಡುವ ಮನೆಗಳಲ್ಲಿ ಅಂಥ ಸಾಧ್ಯತೆ ಸಹಜವಾಗಿಯೇ ಹೆಚ್ಚು. ಉಪ್ಪು–ನೀರಿನ ಹದ ತಪ್ಪಿ ಕಫ ಅಂಟಾಗುತ್ತದೆ, ಶ್ವಾಸನಾಳದಲ್ಲಿ ಕೂರುತ್ತದೆ, ಅದರಲ್ಲಿ ಸೋಂಕು ಮನೆ ಮಾಡುತ್ತದೆ. ಬೆವರಿನ ಪರೀಕ್ಷೆಯಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗ ಬಹುತೇಕ ಖಚಿತ.

ಕಾಯಿಲೆಯ ಹೆಸರು ತಿಳಿದ ಮೇಲೆ ಶುರುವಾಗುವುದು ಶ್ವಾಸಕೋಶದ ಕಾವಲು. ಅದರ ಮುಖ್ಯ ಸಾಧನ ಸ್ಪೈರೋಮೀಟರ್. ಇಂಗ್ಲೆಂಡಿನ ಜಾನ್ ಹಚಿನ್ಸನ್ 1846ರಲ್ಲೇ ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದ್ದರು. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಉಸಿರು ತುಂಬಾ ಎಳೆದುಕೊಂಡು ಒಮ್ಮೆಲೇ ಊದಬೇಕು. ಒಲೆ ಊದುವ ಊದುಗೊಳವೆಯಂತೆ ಒಂದು ಊದಿಗೆ ಮುಗಿಯುವುದಿಲ್ಲ. ಎದೆ ಬರಿದಾಗುವ ತನಕ ಬಿಡುವಂತಿಲ್ಲ. ‘ಊದು ಪುಟ್ಟಾ, ಊದು, ಇನ್ನೂ, ಇನ್ನೂ, ಬಿಡಬೇಡ’ ಎಂದು ಟೆಕ್ನಿಷಿಯನ್ ಪಕ್ಕದಲ್ಲಿ ನಿಂತು ಕೂಗುತ್ತಲೇ ಇರುತ್ತಾರೆ. ಮಕ್ಕಳಿಗಾಗಿ ಪರದೆಯ ಮೇಲೆ ಮೋಂಬತ್ತಿ ಆರಿಸುವ ಆಟವೂ ಇರುತ್ತದೆ. ಕನಿಷ್ಠ ಮೂರು ಸಲ ಸರಿಯಾಗಿ ಊದಬೇಕು.

ವೈದ್ಯರ ಕಣ್ಣು ಮೊದಲು ಹೋಗುವುದು ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯ ಅಳತೆಗೆ, ಅದೇ ಎಫ್‌ಇವಿ1. ಅದೇ ವಯಸ್ಸು, ಅದೇ ಎತ್ತರದ ಆರೋಗ್ಯವಂತರಿಗೆ ಹೋಲಿಸಿ ಅದನ್ನು ಶೇಕಡಾದಲ್ಲಿ ಬರೆಯುತ್ತಾರೆ. ಆದರೆ ಊರವರ ಸರಾಸರಿಗಿಂತ ಆ ಮಗುವಿನದೇ ಹಿಂದಿನ ಅಂಕಿ ಹೆಚ್ಚು ಹೇಳುತ್ತದೆ. ಮಗು ಆಡಿಕೊಂಡಿದ್ದರೂ ಅಂಕಿ ಶೇ 10ರಷ್ಟು ಕುಸಿದಿದ್ದರೆ ವೈದ್ಯರು ಸುಮ್ಮನೆ ಕೂರುವುದಿಲ್ಲ. ‘ಚೆನ್ನಾಗಿದ್ದಾನಲ್ಲ, ಮುಂದಿನ ಸಲ ನೋಡೋಣ’ ಎಂಬ ಮಾತು ಈ ಕಾಯಿಲೆಯಲ್ಲಿ ದುಬಾರಿ.

ಈ ಅಳತೆಗೂ ಮಿತಿಯಿದೆ. ಐದಾರು ವರ್ಷದೊಳಗಿನ ಮಕ್ಕಳಿಗೆ ಹೀಗೆ ಊದಲು ಬಾರದು. ಎಫ್‌ಇವಿ1 ಚೆನ್ನಾಗಿದ್ದಾಗಲೇ ಸಿ.ಟಿ. ಸ್ಕ್ಯಾನ್‌ನಲ್ಲಿ ಹಿಗ್ಗಿ ಹಾಳಾದ ಶ್ವಾಸನಾಳಗಳು ಕಾಣುವುದೂ ಉಂಟು. ಅದಕ್ಕೇ ಕಫದ ಕಲ್ಚರ್ ಪರೀಕ್ಷೆ ಜೊತೆಗಿರಬೇಕು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಹೊಸದಾಗಿ ಬಂದಾಗಲೇ ಸಿಕ್ಕಿಬಿದ್ದರೆ ಔಷಧಿಯಿಂದ ಓಡಿಸಬಹುದು, ಬೇರೂರಿದರೆ ಕಷ್ಟ. ಕಫ ಉಗುಳಲು ಬಾರದ ಮಕ್ಕಳನ್ನು ಕೆಮ್ಮಿಸಿ ಗಂಟಲಿನಿಂದ ಹತ್ತಿಯಲ್ಲಿ ಮಾದರಿ ತೆಗೆಯುತ್ತಾರೆ.

2019ರಲ್ಲಿ ಅಮೆರಿಕ ಒಪ್ಪಿದ ಮೂರು ಔಷಧಿಗಳ ಜೋಡಣೆ ಇನ್ನೊಂದು ವಿಚಿತ್ರ ತೊಡಕು ತಂದಿದೆ: ಅದನ್ನು ನುಂಗಿದ ಹಲವರಿಗೆ ಕಫವೇ ಬರುವುದಿಲ್ಲ, ಪರೀಕ್ಷೆಗೆ ಕಳಿಸುವುದೇನನ್ನು? ಒಳ್ಳೆಯ ತೊಡಕು, ನಿಜ. ನಮ್ಮಲ್ಲಿ ಅದರ ಬೆಲೆ ಕೈಗೆಟುಕದ್ದು, ಮೇಲಾಗಿ ಎಲ್ಲ ಬಗೆಯ ಜೀನ್ ದೋಷಕ್ಕೂ ಅದು ಒಗ್ಗುವುದಿಲ್ಲ.

ಮೂರು ತಿಂಗಳಿಗೊಮ್ಮೆ ತಪಾಸಣೆ ಎಂಬುದು ಲೋಕದ ರೂಢಿ. ಸಾಸಲಿನ ಕೂಲಿ ಕುಟುಂಬಕ್ಕೆ ಅದು ಒಂದು ದಿನದ ಕೂಲಿ, ಜೊತೆಗೆ ಬಸ್ ಖರ್ಚು. ಮೊಬೈಲ್‌ಗೆ ಜೋಡಿಸುವ ಪುಟ್ಟ ಸ್ಪೈರೋಮೀಟರ್‌ಗಳು ಬಂದಿವೆ. ಆದರೆ ಪಕ್ಕದಲ್ಲಿ ನಿಂತು ಕೂಗುವವರಿಲ್ಲದ ಮನೆಯಲ್ಲಿ ಅಂಕಿ ಆಸ್ಪತ್ರೆಯದಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಮನೆಯ ಅಂಕಿಯನ್ನು ಮನೆಯದಕ್ಕೇ ಹೋಲಿಸಬೇಕು.

ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಸೇರಿದೆ. ನೆರವಿನ ಮಿತಿ 50 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಇದಕ್ಕೆ ಗೊತ್ತುಮಾಡಿದ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಮಗುವಿಗೆ ಪದೇ ಪದೇ ನ್ಯುಮೋನಿಯಾ ಆಗುತ್ತಿದ್ದು ಮೈ ಉಪ್ಪಾಗಿದ್ದರೆ ಬೆವರಿನ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಪ್ರತಿ ಸಲ ಊದಿಸಿದ ರಿಪೋರ್ಟಿನ ಹಾಳೆಯನ್ನು ಕೇಳಿ ಪಡೆದು, ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಇಟ್ಟುಕೊಳ್ಳಿ.