ಟರ್ಬೊ ಕಾರಿಗೆ ಎಲೆಕ್ಟ್ರಾನಿಕ್ ಲಗಾಮು

ಸಾವಿರ ಸಿಸಿ ಆಸುಪಾಸಿನ ಪುಟ್ಟ ಎಂಜಿನ್ ದೊಡ್ಡ ಎಂಜಿನ್‌ಗೆ ಸರಿಸಮನಾಗಿ ಓಡುವುದು ಈಗ ಅಚ್ಚರಿಯ ಸಂಗತಿಯಲ್ಲ. ನಾಲ್ಕು ಮೀಟರ್ ಉದ್ದ ಹಾಗೂ 1200 ಸಿಸಿ ಮಿತಿಯೊಳಗಿನ ಪೆಟ್ರೋಲ್ ಕಾರುಗಳಿಗೆ ಭಾರತದಲ್ಲಿ ತೆರಿಗೆ ಕಡಿಮೆ. ತಯಾರಕರು ಟರ್ಬೊ ಮೊರೆ ಹೋಗಲು ಇದೂ ಒಂದು ಕಾರಣ. ಆದರೆ ಟರ್ಬೊವನ್ನು ಅದರ ಪಾಡಿಗೆ ಬಿಟ್ಟರೆ ಅದು ಎಂಜಿನ್‌ಗೇ ಮುಳುವಾಗುತ್ತದೆ. ಅದನ್ನು ಅಂಕೆಯಲ್ಲಿಡುವುದು ಎಲೆಕ್ಟ್ರಾನಿಕ್ ಬೂಸ್ಟ್ ನಿಯಂತ್ರಣ ವ್ಯವಸ್ಥೆ.

ಬೂಸ್ಟ್ ಎಂದರೇನು?

ಎಂಜಿನ್‌ನಿಂದ ಹೊರಬೀಳುವ ಬಿಸಿ ಹೊಗೆಯು ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಇವುಗಳ ವೇಗ ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ಮೀರುತ್ತದೆ. ವಾತಾವರಣದ ಒತ್ತಡಕ್ಕಿಂತ ಹೆಚ್ಚಾಗಿ ದೊರೆಯುವ ಈ ಒತ್ತಡವೇ ಬೂಸ್ಟ್.

ಗಾಳಿ ಹೆಚ್ಚಿದರೆ ಹೆಚ್ಚು ಇಂಧನ ಉರಿಸಬಹುದು, ಶಕ್ತಿಯೂ ಹೆಚ್ಚುತ್ತದೆ. ಆಗ ಹೊಗೆ ಹೆಚ್ಚಿ ಟರ್ಬೊ ಮತ್ತಷ್ಟು ವೇಗವಾಗಿ ತಿರುಗುತ್ತದೆ. ಈ ಚಕ್ರವನ್ನು ತಡೆಯದಿದ್ದರೆ ಸಿಲಿಂಡರ್‌ನಲ್ಲಿ ಕಿಡಿಯ ಜ್ವಾಲೆ ತಲುಪುವ ಮೊದಲೇ ಇಂಧನ ಮಿಶ್ರಣ ತಾನಾಗಿ ಸ್ಫೋಟಿಸತೊಡಗುತ್ತದೆ. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಇದು ಮುಂದುವರಿದರೆ ಪಿಸ್ಟನ್‌ಗೆ ಉಳಿಗಾಲವಿಲ್ಲ.

ಸ್ಪ್ರಿಂಗ್‌ನ ಮಿತಿ

ಇದಕ್ಕೆ ಹಳೆಯ ಪರಿಹಾರ ವೇಸ್ಟ್‌ಗೇಟ್. ಟರ್ಬೈನ್‌ಗೆ ಹೋಗುವ ಹೊಗೆಯ ಒಂದು ಭಾಗವನ್ನು ಪಕ್ಕದ ದಾರಿಯಲ್ಲಿ ಹೊರಬಿಡುವ ಪುಟ್ಟ ಬಾಗಿಲಿದು. ಅದನ್ನು ಒಂದು ಸ್ಪ್ರಿಂಗ್ ಮುಚ್ಚಿ ಹಿಡಿದಿರುತ್ತದೆ. ಬೂಸ್ಟ್ ಒತ್ತಡವು ಸ್ಪ್ರಿಂಗ್‌ನ ಬಲವನ್ನು ಮೀರಿದಾಗ ಬಾಗಿಲು ತೆರೆಯುತ್ತದೆ. ಆದರೆ ಸ್ಪ್ರಿಂಗ್‌ಗೆ ಗೊತ್ತಿರುವುದು ಒಂದೇ ಒತ್ತಡ. ಪೆಟ್ರೋಲಿನ ಗುಣಮಟ್ಟ, ಗಾಳಿಯ ಬಿಸಿ, ಎಂಜಿನ್ ವೇಗ ಯಾವುದೂ ಅದಕ್ಕೆ ತಿಳಿಯದು.

ಸಾಬ್ ತೋರಿದ ದಾರಿ

1977ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 99 ಟರ್ಬೊ ಕಾರನ್ನು ಅನಾವರಣಗೊಳಿಸಿದ್ದ ಸ್ವೀಡನ್‌ನ ಸಾಬ್ ಕಂಪನಿ, 80ರ ದಶಕದ ಆರಂಭದಲ್ಲಿ ಎಪಿಸಿ ಎಂಬ ವ್ಯವಸ್ಥೆಯನ್ನು ತಂದಿತು. ಎಂಜಿನ್‌ಗೆ ಜೋಡಿಸಿದ ಸೆನ್ಸರ್ ನಾಕಿಂಗ್‌ನ ಕಂಪನವನ್ನು ಗುರುತಿಸುತ್ತಿತ್ತು. ಕೂಡಲೇ ನಿಯಂತ್ರಣ ಘಟಕವು ವಿದ್ಯುತ್ ಕವಾಟದ ಮೂಲಕ ಬೂಸ್ಟ್ ತಗ್ಗಿಸುತ್ತಿತ್ತು. ಹೀಗಾಗಿ ಒಂದೇ ಕಾರು ಬೇರೆ ಬೇರೆ ಆಕ್ಟೇನ್‌ನ ಪೆಟ್ರೋಲ್ ಬಳಸಿಯೂ ಸುರಕ್ಷಿತವಾಗಿ ಓಡಬಲ್ಲದಾಯಿತು.

ಇಂದಿನ ವ್ಯವಸ್ಥೆ

ಈಗಿನ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಚಾಲಕ ಆಕ್ಸಿಲರೇಟರ್ ಎಷ್ಟು ತುಳಿದಿದ್ದಾನೆ ಎಂಬುದನ್ನು ನೋಡಿ ಬೇಕಾದ ಬೂಸ್ಟ್ ಲೆಕ್ಕ ಹಾಕುತ್ತದೆ. ಒತ್ತಡದ ಸೆನ್ಸರ್ ನೀಡುವ ನೈಜ ಬೂಸ್ಟ್‌ನೊಂದಿಗೆ ಅದನ್ನು ಹೋಲಿಸುತ್ತದೆ. ವೇಸ್ಟ್‌ಗೇಟ್‌ಗೆ ಹೋಗುವ ಗಾಳಿಕೊಳವೆಯಲ್ಲಿರುವ ಸೊಲೆನಾಯ್ಡ್ ಕವಾಟವು ಸೆಕೆಂಡಿಗೆ ಹತ್ತಾರು ಬಾರಿ ತೆರೆದು ಮುಚ್ಚಿ, ಒತ್ತಡದ ಒಂದಂಶವನ್ನು ಸೋರಿಬಿಡುತ್ತದೆ. ಸೋರಿಕೆ ಹೆಚ್ಚಾದಷ್ಟೂ ವೇಸ್ಟ್‌ಗೇಟ್ ಮುಚ್ಚಿಯೇ ಇರುತ್ತದೆ, ಬೂಸ್ಟ್ ಏರುತ್ತದೆ. ಸಾಮಾನ್ಯವಾಗಿ ಕವಾಟಕ್ಕೆ ವಿದ್ಯುತ್ ತಪ್ಪಿದರೆ ಬೂಸ್ಟ್ ಸ್ಪ್ರಿಂಗ್‌ನ ಕನಿಷ್ಠ ಮಟ್ಟಕ್ಕೆ ಇಳಿಯುತ್ತದೆ. ಕಾರು ಮಂದವಾಗುತ್ತದೆ, ಎಂಜಿನ್ ಉಳಿಯುತ್ತದೆ. ಹಲವು ಹೊಸ ಎಂಜಿನ್‌ಗಳಲ್ಲಿ ಗಾಳಿಯ ಒತ್ತಡದ ಬದಲು ವಿದ್ಯುತ್ ಮೋಟರ್ ನೇರವಾಗಿ ವೇಸ್ಟ್‌ಗೇಟನ್ನು ಚಲಿಸುತ್ತದೆ.

ಮಾಲೀಕರಿಗೆ ಕಿವಿಮಾತು

ಕಾರು ಏಕಾಏಕಿ ಶಕ್ತಿ ಕಳೆದುಕೊಂಡು ಎಂಜಿನ್ ದೀಪ ಹೊತ್ತಿಕೊಂಡರೆ ಟರ್ಬೊ ಕೆಟ್ಟಿದೆ ಎಂದೇ ತೀರ್ಮಾನಿಸಬೇಕಿಲ್ಲ. ಬಿರುಕು ಬಿಟ್ಟ ರಬ್ಬರ್ ಕೊಳವೆ ಅಥವಾ ಸಿಕ್ಕಿಕೊಂಡ ಸೊಲೆನಾಯ್ಡ್ ಕೂಡ ಕಾರಣವಾಗಿರಬಹುದು. ದುಬಾರಿ ಟರ್ಬೊ ಬದಲಿಸುವ ಮುನ್ನ ಇವನ್ನು ಪರೀಕ್ಷಿಸುವಂತೆ ಕೇಳುವುದು ಜಾಣತನ.

ಇಸಿಯು ತಂತ್ರಾಂಶವನ್ನು ಬದಲಿಸಿ ಬೂಸ್ಟ್ ಏರಿಸುವ 'ರೀಮ್ಯಾಪ್' ಇನ್ನೊಂದು ಆಕರ್ಷಣೆ. ಹೆಚ್ಚುವರಿ ಶಕ್ತಿ ದೊರೆಯುವುದು ನಿಜ. ಆದರೆ ಅದು ಬರುವುದು ತಯಾರಕರು ಕೆಟ್ಟ ಇಂಧನ, ಸುಡುಬಿಸಿಲು, ದೀರ್ಘ ಏರುದಾರಿಗಳಿಗೆಂದು ಉಳಿಸಿಟ್ಟ ಸುರಕ್ಷಾ ಅಂತರದಿಂದ. ವಾರಂಟಿ ಕೈತಪ್ಪುವ ಸಾಧ್ಯತೆಯೂ ಉಂಟು.